ಗಜನಿ ದಂಡೆಯ ಫೈಬರ್ ಡಬ್ಬಿ: ಮಳೆಗೆ ಮುಂಚೆ, ಮಳೆ ಬಿದ್ದ ಮೇಲೆ

ಏಪ್ರಿಲ್ 14

ಹಳೇ ಡಬ್ಬಿಯನ್ನು ಇವತ್ತು ಇಳಿಸಿದೆ. ಇಳಿಸಿದೆ ಅನ್ನೋದಕ್ಕಿಂತ ಉದುರಿಸಿದೆ ಅಂದರೆ ಸರಿ. ಕಬ್ಬಿಣದ ತಗಡು, ಮೇಲೆ ಪೌಡರ್ ಕೋಟಿಂಗ್. ಮೂರೇ ಮಳೆಗಾಲಕ್ಕೆ ತಳ ಜರಡಿಯಾಗಿತ್ತು. ತುಕ್ಕು ಎಲ್ಲಿಂದ ಶುರುವಾಯಿತು ಅಂತ ಹುಡುಕಿದರೆ, ಇನ್ನೊಂದು ಕೇಬಲ್ ತೂರಿಸಲು ನಾನೇ ಡ್ರಿಲ್ ಹಾಕಿದ್ದ ತೂತು! ಅಂಚಿಗೆ ಒಂದು ಕೈ ಬಣ್ಣ ಬಳಿಯಲು ಅವತ್ತು ಸೋಮಾರಿತನ. ಉಪ್ಪಿನ ಗಾಳಿಗೆ ಅಷ್ಟೇ ಸಾಕಾಯಿತು.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮೂರು ಮಿರ್ಜಾನದಿಂದ ಸ್ವಲ್ಪ ಒಳಗೆ, ಅಘನಾಶಿನಿ ಹೊಳೆ ಬದಿಗೆ. ಗಜನಿ ಅಂದರೆ ಉಪ್ಪುನೀರು ನುಗ್ಗುವ ಗದ್ದೆ, ಡಬ್ಬಿ ಇರುವುದು ಅದರ ದಂಡೆಯಲ್ಲಿ. 46 ಮನೆಗಳ ಇಂಟರ್ನೆಟ್ಟು ಈ ಒಂದು ಡಬ್ಬಿಯ ಮೇಲೆ ನಿಂತಿದೆ. ಒಳಗೆ ನಾಲ್ಕು ಪೋರ್ಟಿನ ಒಎಲ್‌ಟಿ (ಮನೆಮನೆಗೆ ಫೈಬರಿನಲ್ಲಿ ಬೆಳಕು ಕಳಿಸುವ ಯಂತ್ರ), ಒಂದು ನೆಟ್‌ವರ್ಕ್ ಸ್ವಿಚ್ಚು, ಫೈಬರ್ ಎಳೆಗಳನ್ನು ಜೋಡಿಸಿಡುವ ಟ್ರೇ, ಬ್ಯಾಟರಿ. ಸದ್ಯಕ್ಕೆ ಎಲ್ಲವೂ ನಮ್ಮ ಜಗಲಿಯ ಮೇಲೆ ಫ್ಯಾನ್ ಕೆಳಗೆ ಕೂತಿವೆ. ಮಿರ್ಗದ ಮಳೆ ಹಿಡಿಯುವುದರೊಳಗೆ ಹೊಸ ಡಬ್ಬಿ ನಿಲ್ಲಬೇಕು.

ಏಪ್ರಿಲ್ 27

ಈ ಸಲ ಅಲ್ಯುಮಿನಿಯಂ ಡಬ್ಬಿ ತರಿಸಿದೆ. ಐಪಿ 65, ಅಂದರೆ ಧೂಳು ನೀರು ಎಷ್ಟು ತಡೆಯುತ್ತದೆ ಅನ್ನೋ ಗುರುತು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 6 ಅಂದರೆ ಧೂಳು ಒಳಗೆ ಹೋಗಲ್ಲ, 5 ಅಂದರೆ ಪೈಪಿನಿಂದ ನೀರು ಚಿಮ್ಮಿಸಿದರೂ ತಡೆಯುತ್ತದೆ. ನಾವು ಒಂದು ತೂತು ಕೊರೆಯುವವರೆಗೆ ಮಾತ್ರ, ಅಲ್ವಾ?

ಜೊತೆಗೆ ಬಂದ ಬೋಲ್ಟುಗಳು 304 ಸ್ಟೇನ್‌ಲೆಸ್ ಸ್ಟೀಲಿನವು. ಅವನ್ನು ಎತ್ತಿಟ್ಟು 316 ತಂದೆ. 316ರಲ್ಲಿ ಮಾಲಿಬ್ಡಿನಂ ಅನ್ನೋ ಲೋಹ ಇರುತ್ತದೆ, ಉಪ್ಪಿಗೆ ಅದೇ ತಾಳುವುದು. ಆದರೆ ಸ್ಟೀಲು ಅಲ್ಯುಮಿನಿಯಂಗೆ ನೇರ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ಹಾಗಾಗಿ ಪ್ರತಿ ಬೋಲ್ಟಿಗೂ ನೈಲಾನ್ ವಾಷರ್. ಹದಿನಾರು ಬೋಲ್ಟು, ಮೂವತ್ತೆರಡು ವಾಷರ್, ಇಡೀ ಮಧ್ಯಾಹ್ನ.

ಮೇ 4

ಕಟ್ಟೆ ಮುಗಿಯಿತು. ಚಿರೇಕಲ್ಲಿನದು. ಮಿರ್ಜಾನ ಕೋಟೆ ಇಷ್ಟು ವರ್ಷ ನಿಂತದ್ದೂ ಇದೇ ಕಲ್ಲಿನ ಮೇಲೆ, ನನ್ನ ಡಬ್ಬಿ ಯಾವ ಲೆಕ್ಕ. ಎತ್ತರ ಎಷ್ಟಿರಬೇಕು ಅಂತ ಪುಸ್ತಕ ನೋಡಲಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಪಕ್ಕದ ಮನೆ ಅಕ್ಕೋರನ್ನು ಕೇಳಿದೆ. ಶಾಲೆಯಿಂದ ನಿವೃತ್ತರಾದರೂ ಅವರ ಲೆಕ್ಕ ಪಕ್ಕಾ. ದನದ ಕೊಟ್ಟಿಗೆ ಗೋಡೆಯ ಮೇಲೆ ಕೈ ಇಟ್ಟು ತೋರಿಸಿದರು. ಅದಕ್ಕಿಂತ ಒಂದು ಅಡಿ ಮೇಲೆ ಕಟ್ಟೆ ಎತ್ತಿದೆ.

"ತಮಾ, ನಾಗನ ಕಟ್ಟೆಯೇನೋ ಇದು?" ಅಂತ ಕೇಳಿ ನಕ್ಕರು. ನೋಡಲಿಕ್ಕೆ ಹಾಗೇ ಇದೆ.

ಮೇ 11

ಅರ್ತಿಂಗ್. ನಮ್ಮಲ್ಲಿ ಇಂತಹ ಡಬ್ಬಿಗಳು ಸಾಯುವುದು ಮಳೆಯಿಂದಲ್ಲ, ಮಳೆಗೆ ಮುಂಚಿನ ಗುಡುಗು ಸಿಡಿಲಿನಿಂದ. ಫೈಬರಿನಲ್ಲಿ ಬರುವುದು ಬೆಳಕು, ಅದರ ಗಾಜಿನ ಎಳೆಯಲ್ಲಿ ಸಿಡಿಲು ಹರಿಯಲ್ಲ. ಬರುವುದು ಕರೆಂಟಿನ ತಂತಿಯಲ್ಲಿ, ಕೇಬಲ್ಲಿನ ಒಳಗಿನ ಸ್ಟೀಲ್ ಕವಚದಲ್ಲಿ. ಎರಡರಲ್ಲಿ ಬರುವ ಸಿಡಿಲನ್ನೂ ಭೂಮಿಗೆ ಇಳಿಸಬೇಕು.

ಮೂರು ಮೀಟರಿನ ತಾಮ್ರ ಲೇಪದ ರಾಡು. ಮೇಲಿನ ಮೂರಡಿ ಮಣ್ಣು, ಕೆಳಗೆ ಗಟ್ಟಿ ಚಿರೆ. ಹಾರೆ ಹಾಕಿ ಹಾಕಿ ಅಂಗೈ ಬೊಬ್ಬೆ ಬಂತು. ಗುಂಡಿಗೆ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಕಲಸಿ ತುಂಬಿದೆ. ಇದ್ದಿಲು, ಉಪ್ಪು ಹಾಕು ಅಂದವರೂ ಇದ್ದರು. ಉಪ್ಪು ರಾಡನ್ನೇ ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ, ಅದಕ್ಕೇ ಬೇಡ ಅಂದೆ. ಮೀಟರಿನಲ್ಲಿ 9.2 ಓಮ್, ಕಡಿಮೆ ಇದ್ದಷ್ಟೂ ಒಳ್ಳೆಯದು. ನನಗೆ 5ರ ಒಳಗೆ ಬೇಕಿತ್ತು. ನಾಲ್ಕು ಮೀಟರ್ ದೂರದಲ್ಲಿ ಇನ್ನೊಂದು ರಾಡು ಹಾಕಿ ಎರಡನ್ನೂ ತಾಮ್ರದ ಪಟ್ಟಿಯಿಂದ ಜೋಡಿಸಿದೆ. 5.1. ಹತ್ತಿರ ಹತ್ತಿರ ಹಾಕಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಜಾಸ್ತಿ ಲಾಭ ಇಲ್ಲ. ಒಣ ಮೇ ತಿಂಗಳಲ್ಲಿ 5.1 ಬಂದರೆ ಮಳೆಗಾಲದಲ್ಲಿ ಇನ್ನೂ ಇಳಿಯುತ್ತದೆ. ಸಾಕು, ಬೆನ್ನು ಹೋಯಿತು.

ಮೇ 23

ಎಲ್ಲಾ ಸಾಮಾನು ಒಳಗೆ ಕೂತಿತು. ಕೇಬಲ್ಲುಗಳೆಲ್ಲ ತಳದಿಂದ, ಗ್ಲ್ಯಾಂಡ್ (ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ಬಿರಡೆ) ಮೂಲಕ. ಪ್ರತಿಯೊಂದಕ್ಕೂ ಹೊರಗೆ ಒಂದು ಜೋಲು ಬಿಟ್ಟಿದ್ದೇನೆ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಬ್ಯಾಟರಿ 12.8 ವೋಲ್ಟ್, 100 ಆಂಪಿಯರ್-ಅವರಿನ ಲಿಥಿಯಂ. ಒಟ್ಟು ಲೋಡು ಸುಮಾರು 60 ವಾಟ್. ಕಾಗದದ ಮೇಲೆ 21 ಗಂಟೆ, ಕೈಗೆ ಸಿಗುವುದು 18 ಇರಬಹುದು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಸಾಲದು.

ಕೊನೆ ಮನೆಯಲ್ಲಿ ಫೈಬರಿನ ಬೆಳಕು ಅಳೆದೆ: ಮೈನಸ್ 18.4 ಡಿಬಿಎಂ (ಬೆಳಕಿನ ಬಲದ ಅಳತೆ). ಮೈನಸ್ 27ರವರೆಗೆ ನಡೆಯುತ್ತದೆ. ಚಿಂತೆ ಇಲ್ಲ.

ಬಿಸಿಲಿನದ್ದೇ ಚಿಂತೆ. ಮಧ್ಯಾಹ್ನ ಎರಡಕ್ಕೆ ಒಳಗೆ 52 ಡಿಗ್ರಿ. ಒಎಲ್‌ಟಿ ಮೇಲೆ ಬರೆದಿರುವ ಮಿತಿ 50. ಡಬ್ಬಿಯ ಮಾಡಿನ ಮೇಲೆ ಎರಡು ಇಂಚು ಜಾಗ ಬಿಟ್ಟು ಇನ್ನೊಂದು ತಗಡು ಹೊದಿಸಿದೆ. 45ಕ್ಕೆ ಇಳಿಯಿತು.

ಜೂನ್ 9

ಮಳೆ ಬಂತು. ಎರಡು ದಿನ ಬಿಡದೇ ಸುರಿಯಿತು. ಮೂರನೇ ದಿನ ಬಾಗಿಲು ತೆಗೆದರೆ ಟ್ರೇ ಮೇಲೆ ನೀರು!

ಮೊದಲು ಬಾಗಿಲಿನ ರಬ್ಬರಿನ ಮೇಲೆ ಅನುಮಾನ. ಸುತ್ತಲೂ ಸಿಲಿಕೋನ್ ಬಳಿದೆ. ಮರುದಿನ ಮತ್ತೆ ನೀರು, ಇನ್ನೂ ಜಾಸ್ತಿ. ಆಮೇಲೆ ಹಳೇ ಪೇಪರ್ ಹರಿದು ಒಳಗೆ ನಾಲ್ಕೂ ಬದಿಗೆ ಅಂಟಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಬದಿಯ ಪೇಪರೆಲ್ಲ ಒಣಗಿಯೇ ಇದೆ, ಮಾಡಿನ ಒಳಮೈಯಲ್ಲಿ ಮಾತ್ರ ಸಾಲಾಗಿ ಹನಿಗಳು. ಕುದಿಯುವ ಪಾತ್ರೆಯ ಮುಚ್ಚಳ ಎತ್ತಿದಾಗ ಕಾಣುತ್ತಲ್ಲ, ಹಾಗೇ. ಬೆರಳಿಟ್ಟರೆ ಹನಿ ಜಾರಿ ಸೀದಾ ಟ್ರೇ ಮೇಲೆ. ಮಳೆ ಒಳಗೆ ಬಂದೇ ಇರಲಿಲ್ಲ. ಡಬ್ಬಿಯೇ ಬೆವರುತ್ತಿತ್ತು.

ಆ ತೇವ ಎಲ್ಲಿಂದ? ಮೂಗು ಹೇಳಿತು. ಒಳಗೆ ಗಜನಿ ಕೆಸರಿನ ವಾಸನೆ. ಮುಖ್ಯ ಫೈಬರ್ ಬರುವುದು ನೆಲದೊಳಗಿನ ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪಿನಲ್ಲಿ. ಅದರ ಇನ್ನೊಂದು ತುದಿ ರಸ್ತೆ ಬದಿಯ ಚೇಂಬರಿನಲ್ಲಿ (ಕೇಬಲ್ಲಿನ ಗುಂಡಿ), ಚೇಂಬರಿನ ತುಂಬ ನೀರು. ಪೈಪನ್ನು ಗ್ಲ್ಯಾಂಡಿಗೆ ಬಿಗಿಯಾಗಿ ಕೂರಿಸಿದ್ದೆ, ಪೈಪಿನ ಬಾಯಿಯನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಹಗಲು ಕಾದ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಸಂಜೆ ಮಳೆಗೆ ಡಬ್ಬಿ ತಣ್ಣಗಾದಾಗ ಚೇಂಬರಿನ ಒದ್ದೆ ಗಾಳಿಯನ್ನು ಸ್ಟ್ರಾ ಹಾಕಿ ಎಳೆದ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ನಾನು ಸಿಲಿಕೋನ್ ಬಳಿದು ಉಳಿದ ದಾರಿಯನ್ನೆಲ್ಲ ಮುಚ್ಚಿ, ಈ ಒಂದು ಬಾಯಿಯನ್ನೇ ಚೆನ್ನಾಗಿ ತೆರೆದು ಕೊಟ್ಟಿದ್ದೆ.

ಜೂನ್ 13

ಪೈಪಿನ ಎರಡೂ ತುದಿಗೆ ಮೆತ್ತಗಿನ ಪುಟ್ಟಿ ಒತ್ತಿ ಮುಚ್ಚಿದೆ. ಒಣಗಿ ಗಟ್ಟಿಯಾಗುವ ಜಾತಿಯದ್ದಲ್ಲ, ನಾಳೆ ಇನ್ನೊಂದು ಕೇಬಲ್ ಎಳೆಯಬೇಕಾದರೆ ಕಿತ್ತು ತೆಗೆಯಬಹುದು. ಬಾಗಿಲಿನ ಸಿಲಿಕೋನ್ ಅಷ್ಟನ್ನೂ ಬ್ಲೇಡಿನಿಂದ ಕೆರೆದೆ. ತಳದಲ್ಲಿ ಒಂದು ಬ್ರೀದರ್ ಪ್ಲಗ್ ಹಾಕಿದೆ, ಗಾಳಿ ಬಿಡುತ್ತದೆ, ನೀರು ಬಿಡಲ್ಲ. ಡಬ್ಬಿ ಉಸಿರಾಡದೆ ಇರಲ್ಲ, ಎಲ್ಲಿಂದ ಅನ್ನೋದನ್ನು ನಾವೇ ತೋರಿಸಿಕೊಡಬೇಕು. ಹೊಸ ತೂತಿನ ಅಂಚಿಗೆ ಈ ಸಲ ಬಣ್ಣ ಬಳಿದಿದ್ದೇನೆ, ಎರಡು ಕೈ.

ಜೂನ್ 28

ಹದಿನೈದು ದಿನದಲ್ಲಿ ಒಳಗಿನ ತೇವ 93 ಶೇಕಡಾದಿಂದ 64ಕ್ಕೆ ಇಳಿದಿದೆ. ಮಾಡಿನಲ್ಲಿ ಹನಿ ಇಲ್ಲ. ಅರ್ತಿಂಗ್ 3.8 ಓಮ್. ಬಳಸದ ಒಂದು ಗ್ಲ್ಯಾಂಡಿನಿಂದ ಇರುವೆ ಒಳಗೆ ಹೊಕ್ಕು ಮೊಟ್ಟೆ ಇಟ್ಟಿದ್ದವು, ಅದಕ್ಕೂ ಮುಚ್ಚಳ ಹಾಕಿ ಆಯಿತು.

ಒಳಗಿಟ್ಟ ಸಿಲಿಕಾ ಜೆಲ್ ಕಿತ್ತಳೆಯಿಂದ ಹಸಿರಾಗಿದೆ, ಅಂದರೆ ಹೊಟ್ಟೆ ತುಂಬಿದೆ. ಕಾಯಿಸಿ ಒಣಗಿಸಬೇಕು. ಅಡುಗೆಮನೆ ಕಾವಲಿ ಕೇಳಿದ್ದಕ್ಕೆ ಆಯಿ ಬೈದು, ಹಿಡಿ ಮುರಿದ ಹಳೇದೊಂದನ್ನು ಬಚ್ಚಲೊಲೆ ಹತ್ತಿರ ಎಸೆದಿದ್ದಾಳೆ.