ಬೆಳಕಿನ ಖಡ್ಗ: ಐದನೆಯ ವಾರದವರೆಗಿನ ಕೆಲಸ

ನಮ್ಮ ಬಡಾವಣೆಯ ಮಕ್ಕಳು ದಸರಾ ರಜೆಯಲ್ಲಿ ಆಡಲಿರುವ ನಾಟಕದ ಕೊನೆಯ ದೃಶ್ಯದಲ್ಲಿ, ರಂಗದ ದೀಪಗಳೆಲ್ಲ ಆರಿದ ಮೇಲೆ, ರಾಜಕುಮಾರಿಯ ಕೈಯಲ್ಲಿರುವ ಖಡ್ಗವೊಂದೇ ಹಿಡಿಯಿಂದ ಮೊನೆಯವರೆಗೆ ನೀಲಿಯಾಗಿ ಬೆಳಗಬೇಕು. ಆ ಖಡ್ಗವನ್ನು ಮಾಡಿಕೊಡಲು ಒಪ್ಪಿಕೊಂಡು ಇಂದಿಗೆ ಐದು ವಾರಗಳಾದವು. ಎಲ್‌ಇಡಿ ಬಳಸಿ ನಾನು ಮಾಡುತ್ತಿರುವ ಮೊದಲ ರಂಗಪರಿಕರ ಇದು.

ಮೊದಲ ವಾರ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ, ಮೀಟರಿಗೆ 60 ದೀಪಗಳಿರುವ ಡಬ್ಲ್ಯುಎಸ್ 2812ಬಿ ಪಟ್ಟಿ (ಸಂಕೇತ ಕಳಿಸಿ ಒಂದೊಂದು ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಹುದಾದದ್ದು), ಆ ಸಂಕೇತ ಕಳಿಸಲು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, 18650 ಅಳತೆಯ ಲಿಥಿಯಂ ಸೆಲ್ ಮತ್ತು ಅದರ ಹೋಲ್ಡರ್, ವೋಲ್ಟೇಜ್ ಏರಿಸುವ ಎಂಟಿ 3608 ಮಾಡ್ಯೂಲ್ ಇವಿಷ್ಟನ್ನು ತಂದೆ. ಮೀಟರಿಗೆ 144 ದೀಪಗಳಿರುವ ಪಟ್ಟಿಯೂ ಅಂಗಡಿಯಲ್ಲಿತ್ತು. ಅದರ ಬೆಳಕು ಹೆಚ್ಚು ನುಣುಪಾಗಿ ಕಾಣುತ್ತದೆಯಾದರೂ, ಒಂದೇ ಸೆಲ್‌ನಿಂದ ಅಷ್ಟು ದೀಪಗಳನ್ನು ಉರಿಸುವುದು ಸರಿಯಲ್ಲವೆಂದು ಬಿಟ್ಟೆ.

ಬೆಸುಗೆ ಹಾಕುವ ಮುನ್ನ ಲೆಕ್ಕ ಹಾಕಿದೆ. ಅಲಗಿನ ಉದ್ದ 75 ಸೆಂಟಿಮೀಟರ್. ಎರಡೂ ಮೈಗೆ ಸೇರಿ 90 ದೀಪಗಳು. ಒಂದೊಂದು ದೀಪದೊಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಎಲ್‌ಇಡಿಗಳಿದ್ದು, ಪ್ರತಿಯೊಂದೂ ಪೂರ್ಣ ಪ್ರಕಾಶದಲ್ಲಿ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ. ಎಲ್ಲವನ್ನೂ ಬಿಳಿಯಾಗಿ ಉರಿಸಿದರೆ 5.4 ಆಂಪಿಯರ್ ಬೇಕು. ನೀಲಿಯೊಂದನ್ನೇ ಉರಿಸಿದರೆ 1.8 ಆಂಪಿಯರ್ ಸಾಕು. ನಾಟಕಕ್ಕೆ ನೀಲಿ ಬಣ್ಣವನ್ನು ಆರಿಸಿದ್ದು ಅಂದಕ್ಕಾಗಿ ಮಾತ್ರವಲ್ಲ, ಈ ಲೆಕ್ಕಕ್ಕಾಗಿಯೂ ಹೌದು.

ಎರಡನೆಯ ವಾರ

12 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಪಟ್ಟಿಯೇ ಅಲಗಿನ ಬೆನ್ನೆಲುಬು. ದೀಪದ ಪಟ್ಟಿಯನ್ನು ಅದರ ಒಂದು ಮೈಯಲ್ಲಿ ಮೊನೆಯವರೆಗೆ ಅಂಟಿಸಿ, ಅಲ್ಲಿ ಮೂರು ಚಿಕ್ಕ ತಂತಿಗಳಿಂದ ಎರಡನೆಯ ತುಂಡಿಗೆ ಸೇರಿಸಿ, ಇನ್ನೊಂದು ಮೈಯಲ್ಲಿ ಹಿಡಿಯ ಕಡೆಗೆ ಇಳಿಸಿದೆ. ಇದರಿಂದ 90 ದೀಪಗಳೂ ಒಂದೇ ಸರಪಳಿಯಾದವು. ಪಟ್ಟಿಯ ಮೇಲೆ ಅಚ್ಚಾಗಿರುವ ಬಾಣವು ಸಂಕೇತ ಸಾಗುವ ದಿಕ್ಕನ್ನು ತೋರಿಸುತ್ತದೆ. ಎರಡನೆಯ ತುಂಡನ್ನು ನಾನು ಬಾಣದ ದಿಕ್ಕು ನೋಡದೆ ಅಂಟಿಸಿಬಿಟ್ಟಿದ್ದರಿಂದ ಆ ಮೈ ಪೂರ್ತಿ ಕತ್ತಲಾಗಿಯೇ ಉಳಿಯಿತು. ಕಿತ್ತು, ತಿರುಗಿಸಿ ಅಂಟಿಸಿದೆ.

ಹಾಗೆ ಕಿತ್ತಾಗ ಇನ್ನೊಂದು ಅಪಾಯವೂ ಕಣ್ಣಿಗೆ ಬಿತ್ತು. ಪಟ್ಟಿಯನ್ನು ಕತ್ತರಿಸಿದ ತುದಿಯಲ್ಲಿರುವ ತಾಮ್ರದ ಬಿಂದುಗಳು ನೇರವಾಗಿ ಅಲ್ಯೂಮಿನಿಯಮ್ಮನ್ನು ತಾಗುವಂತಿದ್ದವು. ಧನ, ಋಣ ಎರಡೂ ಒಮ್ಮೆಗೇ ತಾಗಿದ್ದರೆ ಸೆಲ್ ಶಾರ್ಟ್ ಆಗುತ್ತಿತ್ತು. ಈಗ ಅಲ್ಯೂಮಿನಿಯಮ್ಮಿನ ಮೇಲೆ ಉದ್ದಕ್ಕೂ ಶಾಖ ತಡೆಯುವ ಇನ್ಸುಲೇಷನ್ ಟೇಪ್ ಹಾಕಿ, ಅದರ ಮೇಲೆಯೇ ದೀಪದ ಪಟ್ಟಿಯನ್ನು ಅಂಟಿಸಿದ್ದೇನೆ.

ಮೂರನೆಯ ವಾರ

ಮೇಜಿನ ಮೇಲೆ 5 ವೋಲ್ಟಿನ ಅಡಾಪ್ಟರಿಗೆ ಜೋಡಿಸಿ, ಪರೀಕ್ಷೆಗೆಂದು ಮುಕ್ಕಾಲು ಪ್ರಕಾಶದಲ್ಲಿ ಬಿಳಿ ಬಣ್ಣ ಹೊತ್ತಿಸಿದಾಗ, ಸರಪಳಿಯ ಆರಂಭದ ದೀಪಗಳು ಹಾಲಿನಂತಿದ್ದರೆ ಕೊನೆಯವು ಅರಿಶಿನ ಬೆರೆಸಿದಂತೆ ಕಾಣುತ್ತಿದ್ದವು. ದೀಪಗಳು ಕೆಟ್ಟಿವೆಯೆಂದೇ ಮೊದಲು ಭಾವಿಸಿದೆ. ಮಲ್ಟಿಮೀಟರ್ ಹಿಡಿದು ನೋಡಿದಾಗ ಆರಂಭದಲ್ಲಿ 5 ವೋಲ್ಟ್ ಇದ್ದದ್ದು ಕೊನೆಯಲ್ಲಿ 4.2ಕ್ಕೆ ಇಳಿದಿತ್ತು. ಪಟ್ಟಿಯೊಳಗಿನ ತಾಮ್ರದ ಪದರ ಬಹಳ ತೆಳುವಾದ್ದರಿಂದ, ಒಂದೂವರೆ ಮೀಟರ್ ಸಾಗುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ. ಕೆಂಪು ಎಲ್‌ಇಡಿಗೆ 2 ವೋಲ್ಟಿನಷ್ಟು ಸಾಕು, ನೀಲಿಗೆ ಸುಮಾರು 3 ಬೇಕು. ಹಾಗಾಗಿ ಕೊರತೆಯಾದಾಗ ಮೊದಲು ಸೊರಗುವುದು ನೀಲಿಯೇ. ನನ್ನ ಖಡ್ಗಕ್ಕೆ ಬೇಕಾದದ್ದೇ ಆ ಬಣ್ಣವಾದ್ದರಿಂದ ಇದನ್ನು ಹಾಗೆಯೇ ಬಿಡುವಂತಿರಲಿಲ್ಲ.

ಅದೇ ವಾರ ಖಡ್ಗವನ್ನು ನಾಲ್ಕು ಬಾರಿ ಬೀಸಿ ನೋಡಿದಾಗ, ಮೊನೆಯಲ್ಲಿದ್ದ ಚಿಕ್ಕ ತಂತಿಗಳ ಪೈಕಿ ಸಂಕೇತದ ತಂತಿಯ ಬೆಸುಗೆ ಬಿಟ್ಟುಹೋಯಿತು. ಬೀಸುವಾಗ ಅತ್ಯಂತ ವೇಗವಾಗಿ ಚಲಿಸುವ ಭಾಗ ಮೊನೆ. ಅತ್ಯಂತ ಸೂಕ್ಷ್ಮವಾದ ಮೂರು ಬೆಸುಗೆಗಳನ್ನು ನಾನು ಅಲ್ಲಿಯೇ ಇಟ್ಟಿದ್ದೆ.

ನಾಲ್ಕನೆಯ ವಾರ

ಎರಡು ರಾತ್ರಿ ಯೋಚಿಸಿದ ಮೇಲೆ ಸರಪಳಿಯನ್ನೇ ಕೈಬಿಟ್ಟೆ. ಈಗ 45 ದೀಪಗಳ ಎರಡು ತುಂಡುಗಳೂ ಹಿಡಿಯಿಂದಲೇ ಆರಂಭವಾಗುತ್ತವೆ. ನ್ಯಾನೊದ ಒಂದೇ ಪಿನ್ನಿನಿಂದ ಹೊರಟ ಸಂಕೇತ ಕವಲೊಡೆದು, ಒಂದೊಂದು ಕವಲಿಗೂ ಒಂದೊಂದು 330 ಓಮ್ ರೆಸಿಸ್ಟರ್ ದಾಟಿ ಎರಡಕ್ಕೂ ಏಕಕಾಲಕ್ಕೆ ತಲುಪುತ್ತದೆ. ಎರಡೂ ಮೈ ಒಂದೇ ರೀತಿ ಬೆಳಗಬೇಕಾದ್ದರಿಂದ ಇದರಿಂದ ಯಾವ ನಷ್ಟವೂ ಇಲ್ಲ. ಮೊನೆಯಲ್ಲಿ ಈಗ ಬೆಸುಗೆಯೇ ಇಲ್ಲ. ವಿದ್ಯುತ್ತು ಸಾಗಬೇಕಾದ ದೂರ ಅರ್ಧವಾದ್ದರಿಂದ, ಹಿಂದಿನ ವಾರದ ಬಿಳಿ ಬಣ್ಣದ ಪರೀಕ್ಷೆಯನ್ನೇ ಮತ್ತೆ ಮಾಡಿದಾಗ ಮೊನೆಯ ಬಳಿ 4.7 ವೋಲ್ಟ್ ಸಿಕ್ಕಿತು. ಬೆಳಕು ಹಿಡಿಯಿಂದ ಮೇಲೇರುವುದನ್ನು ಬರೆಯುವ ಪ್ರೋಗ್ರಾಮಿನಲ್ಲೂ 45 ದೀಪಗಳನ್ನಷ್ಟೇ ಎಣಿಸಿದರಾಯಿತು. ಒಂದು ದೀಪದಿಂದ ಇನ್ನೊಂದಕ್ಕೆ 15 ಮಿಲಿಸೆಕೆಂಡ್ ಅಂತರ ಕೊಟ್ಟಿದ್ದೇನೆ. ಮುಕ್ಕಾಲು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಅಲಗು ತುಂಬಿಕೊಳ್ಳುವುದನ್ನು ಕತ್ತಲ ಕೋಣೆಯಲ್ಲಿ ಮೊದಲ ಬಾರಿ ನೋಡಿದಾಗ ಆದ ಸಂತೋಷವನ್ನು ಇಲ್ಲಿ ದಾಖಲಿಸದೆ ಇರಲಾರೆ.

ಐದನೆಯ ವಾರ

ಈ ವಾರ ಅಡಾಪ್ಟರಿನಿಂದ ಸೆಲ್‌ಗೆ ಬದಲಾಯಿಸಿದೆ. ಎಂಟಿ 3608 ಮಾಡ್ಯೂಲ್ 28 ವೋಲ್ಟಿನವರೆಗೂ ಏರಿಸಬಲ್ಲದಾದ್ದರಿಂದ, ಅದರ ತಿರುಪನ್ನು ತಿರುಗಿಸಿ ಮಲ್ಟಿಮೀಟರಿನಲ್ಲಿ 5 ವೋಲ್ಟ್ ಕಂಡ ಮೇಲೆಯೇ ದೀಪಗಳಿಗೆ ಜೋಡಿಸಬೇಕು. ಪಟ್ಟಿಗಳ ಆರಂಭದಲ್ಲಿ, ವೋಲ್ಟೇಜಿನ ದಿಢೀರ್ ಏರಿಳಿತವನ್ನು ತಗ್ಗಿಸಲು, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಸೆಲ್‌ನ ಧನ ತಂತಿಯಲ್ಲಿ 3 ಆಂಪಿಯರ್ ಫ್ಯೂಸ್ ಇದೆ. ಖಡ್ಗ ಮಗುವಿನ ಕೈಯಲ್ಲಿರುವುದರಿಂದ ಫ್ಯೂಸಿನ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ. ಚಾರ್ಜ್ ಮಾಡುವಾಗ ಸೆಲ್ಲನ್ನು ಹೊರತೆಗೆಯುವಂತೆಯೇ ಹಿಡಿಯನ್ನು ರೂಪಿಸುತ್ತಿದ್ದೇನೆ. ಪ್ರೋಗ್ರಾಮಿನಲ್ಲಿ ಒಟ್ಟು ಬಳಕೆಯನ್ನು 1 ಆಂಪಿಯರಿಗೆ ಮಿತಿಗೊಳಿಸಿದ್ದರೂ ಕಣ್ಣಿಗೆ ಪ್ರಕಾಶ ಅಷ್ಟೇನೂ ಕುಂದಿದಂತೆ ಕಾಣುವುದಿಲ್ಲ.

ಅಲಗಿನ ಹೊರಕವಚ 25 ಮಿಲಿಮೀಟರ್ ವ್ಯಾಸದ ಪಾಲಿಕಾರ್ಬನೇಟ್ ಕೊಳವೆ. ದೀಪಗಳ ನಡುವೆ ಸುಮಾರು 17 ಮಿಲಿಮೀಟರ್ ಅಂತರವಿದ್ದು, ಕೊಳವೆಯ ಗೋಡೆ ಅದಕ್ಕಿಂತ ಹತ್ತಿರದಲ್ಲಿರುವುದರಿಂದ, ಬೆಳಕು ಒಂದಾಗದೆ ಚುಕ್ಕಿಚುಕ್ಕಿಯಾಗಿ ಕಾಣುತ್ತಿತ್ತು. ಬಟರ್ ಪೇಪರ್ ಸುತ್ತಿದ್ದು ಸಾಲಲಿಲ್ಲ. ಟಿ.ವಿ. ಪೆಟ್ಟಿಗೆಯೊಳಗೆ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಸುತ್ತು ಸುತ್ತಿ ತೂರಿಸಿದ ಮೇಲೆ ಚುಕ್ಕಿಗಳು ಕರಗಿ ಬೆಳಕು ಒಂದೇ ಗೆರೆಯಾಯಿತು.

ಹಿಡಿಗೆಂದು ಕತ್ತರಿಸಿಟ್ಟ 32 ಮಿಲಿಮೀಟರ್ ಪಿವಿಸಿ ಪೈಪಿಗೆ ಸ್ವಿಚ್ಚಿನ ರಂಧ್ರ ಕೊರೆಯುವುದು ಬಾಕಿ ಇದೆ. ರಾಜಕುಮಾರಿಯ ಪಾತ್ರ ಮಾಡುವ ಹುಡುಗಿಯ ಹೆಬ್ಬೆರಳು ಎಲ್ಲಿಗೆ ತಲುಪುತ್ತದೆಯೆಂದು ಶನಿವಾರದ ತಾಲೀಮಿನಲ್ಲಿ ಪೈಪನ್ನು ಅವಳ ಕೈಗೇ ಕೊಟ್ಟು ಗುರುತು ಹಾಕಿಕೊಂಡ ಮೇಲೆ ಕೊರೆಯುತ್ತೇನೆ.