ಗೋಡೆಯ ಆಚೆ ಬದಿ

ಸೊಲ್ಲಾಪುರದಲ್ಲಿ ನನ್ನ ಕೆಲಸ ಚಿತ್ರ ಬರೆಯುವುದಲ್ಲ, ಬರೆಯುವವರು ಬರುವ ಮೊದಲು ಗೋಡೆಯನ್ನು ಸಿದ್ಧ ಮಾಡಿಡುವುದು. ಹಳೆಯ ಬಣ್ಣ ಕೆರೆಯುವುದು, ಬಿರುಕು ತುಂಬುವುದು, ಏರಿ ನಿಲ್ಲಲು ಗಳುಗಳ ಸಾರುವೆ ಕಟ್ಟುವುದು (ಇಲ್ಲಿ ಪರಾಂಚಿ ಎನ್ನಬೇಕು, ಸಾರುವೆ ಎಂದರೆ ಅಕ್ಕಲಕೋಟೆಯಿಂದ ಬರುವ ನನ್ನ ಕನ್ನಡದ ಹುಡುಗರೂ ಮುಖ ನೋಡುತ್ತಾರೆ), ಪ್ರೈಮರ್ ಹೊಡೆಯುವುದು. ಅಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದರು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕನ್ನೂ ಬರೆಯಬಲ್ಲವರು, ಓದಬಲ್ಲದ್ದು ಎರಡನ್ನೇ. ಫ್ಲೆಕ್ಸ್ ಬಂದು ಆ ಕಸುಬು ಹೋಯಿತು. ನನಗೆ ಉಳಿದದ್ದು ಕುಂಚಗಳು ಮತ್ತು ಏಣಿ.

ಕೆಲವು ವರ್ಷಗಳ ಹಿಂದೆ ದೊಡ್ಡ ಊರಿನಿಂದ ಚಿತ್ರಕಾರರ ಒಂದು ತಂಡ ಬಂತು. ವಿದ್ಯುತ್ ಮಗ್ಗಗಳ ಶೆಡ್ಡುಗಳ ನಡುವಿನ ಒಂದು ಗಲ್ಲಿಗೆ ಚಿತ್ರ ಬರೆದು ಜೀವ ತರುವುದು ಅವರ ಯೋಜನೆ. ಮೊದಲ ಸಭೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಬೇರೆ ಊರುಗಳನ್ನು ತೋರಿಸಿದರು. ಅಮೆರಿಕದ ಮಯಾಮಿಯಲ್ಲಿ ವಿನ್‌ವುಡ್ ಎಂಬ ಗೋದಾಮುಗಳ ಪ್ರದೇಶ. 2009ರಲ್ಲಿ ಟೋನಿ ಗೋಲ್ಡ್‌ಮನ್ ಎಂಬ ಆಸ್ತಿ ವ್ಯಾಪಾರಿ ಅಲ್ಲಿಯ ಬೋಳು ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟ ಮೇಲೆ ಜನ ನೋಡಲು ಬರತೊಡಗಿದರು. ದೆಹಲಿಯ ಲೋಧಿ ಕಾಲೊನಿ, ಮುಂಬೈಯ ಸಸೂನ್ ಡಾಕ್ ಕೂಡ ಇದ್ದವು. ವಿನ್‌ವುಡ್‌ನಲ್ಲಿ ಆಮೇಲೆ ಬಾಡಿಗೆ ಏರಿ, ಅಗ್ಗದ ಜಾಗವೆಂದು ಮೊದಲು ಬಂದಿದ್ದ ಕಲಾವಿದರೇ ಗಂಟುಮೂಟೆ ಕಟ್ಟಬೇಕಾಯಿತು ಎಂಬುದನ್ನು ನಾನು ತಿಳಿದದ್ದು ತಡವಾಗಿ. ಅಂದು ತಿಳಿದಿದ್ದರೂ ಬಾಯಿ ತೆರೆಯುತ್ತಿರಲಿಲ್ಲ ಎನ್ನಿ. ನಾಲ್ಕು ಗೋಡೆಗಳ ಕೆಲಸ ಸಿಗುತ್ತಿತ್ತು.

ನಮ್ಮದು ಗಿರಣಿಯಿಂದ ಬೆಳೆದ ಊರು. 1877ರಲ್ಲಿ ಶುರುವಾದ ನೂಲುವ ಮತ್ತು ನೇಯುವ ಗಿರಣಿಯನ್ನು ಜನ ಇಂದಿಗೂ ‘ಜುನಿ ಗಿರಣಿ’ (ಹಳೆಯ ಗಿರಣಿ) ಎಂದೇ ನೆನೆಯುತ್ತಾರೆ. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಸಣ್ಣ ಶೆಡ್ಡುಗಳ ಮಗ್ಗಗಳು, ಚಾದರ ಮತ್ತು ಟವೆಲ್. ಹಾಗಾಗಿ ಮೂಲೆಯ ದೊಡ್ಡ ಗೋಡೆಯ ಮೇಲೆ ಕೆಲಸಗಾರ್ತಿಯೊಬ್ಬರ ಮುಖ ಬರಲಿ ಎಂದು ತೀರ್ಮಾನವಾಯಿತು. ಅದೇ ಗಲ್ಲಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ, ನಮ್ಮ ತಾಲ್ಲೂಕಿನವರೇ ಆದ ಅಕ್ಕ ಒಪ್ಪಿದರು. ಫೋಟೊ ತೆಗೆಯುವ ದಿನ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಚಿತ್ರಕಾರರು ‘ಕೆಲಸದ ಸೀರೆಯೇ ಚೆನ್ನ’ ಎಂದು ಮನೆಗೆ ಕಳುಹಿಸಿದರು. ನನಗೆ ಅದು ಆಗಲೇ ಸರಿ ಬರಲಿಲ್ಲ.

ಗೋಡೆ ನನ್ನ ಪಾಲಿನದು. ಕಲ್ಲು, ಸುಣ್ಣದ ಗಾರೆ, ಮೇಲೆ ಯಾವಾಗಲೋ ಬಳಿದ ಸಿಮೆಂಟು. ಮುಟ್ಟಿ ನೋಡಿದೆ, ಒಣಗಿದಂತೆಯೇ ಇತ್ತು. ಮೇ ತಿಂಗಳು, ನಲವತ್ತು ಡಿಗ್ರಿ ದಾಟಿದ ಬಿಸಿಲು. ಆ ಬಿಸಿಲಿನಲ್ಲಿ ಯಾವ ಗೋಡೆ ಒದ್ದೆ ಎನಿಸುತ್ತದೆ? ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ಒಳಗೆ ಹನಿ ಕಟ್ಟಿದೆಯೇ ಎಂದು ನೋಡುವುದು ಹಳೆಯ ಪರೀಕ್ಷೆ. ಖರ್ಚು ಎರಡು ರೂಪಾಯಿಯೂ ಇಲ್ಲ. ತಂಡದವರಿಗೆ ರೈಲಿನ ಟಿಕೆಟ್ ಆಗಿತ್ತು, ನಾನು ಮಾಡಲಿಲ್ಲ. ಅಕ್ರಿಲಿಕ್ ಪ್ರೈಮರ್ ಎರಡು ಕೋಟು ಹೊಡೆದು ಒಪ್ಪಿಸಿದೆ.

ಚಿತ್ರ ಮಾತ್ರ ಅದ್ಭುತವಾಗಿ ಬಂತು. ಸಣ್ಣ ಚಿತ್ರವನ್ನು ದೊಡ್ಡ ಗೋಡೆಗೆ ಅಳತೆ ತಪ್ಪದಂತೆ ಇಳಿಸಲು ಅವರು ಗೋಡೆ ತುಂಬ ಮನಸ್ಸಿಗೆ ಬಂದ ಗೀಚು, ಅಕ್ಷರ, ಗುರುತುಗಳನ್ನು ಹಾಕಿ, ಅದರ ಫೋಟೊದ ಮೇಲೆ ಮುಖದ ಚಿತ್ರವನ್ನು ಮೊಬೈಲಿನಲ್ಲಿ ಕೂರಿಸಿ, ಯಾವ ಗೀಚಿನ ಪಕ್ಕ ಕಣ್ಣು, ಯಾವುದರ ಪಕ್ಕ ಮೂಗು ಎಂದು ಹಿಡಿಯುತ್ತಾರೆ. ಅಪ್ಪ ನೂಲಿಗೆ ಸುಣ್ಣ ಸವರಿ ಚೌಕಳಿ ಹೊಡೆಯುತ್ತಿದ್ದದ್ದಕ್ಕಿಂತ ಇದು ಬೇಗ. ಬೆಳಿಗ್ಗೆ ಆರರಿಂದ ಹತ್ತರವರೆಗೆ, ಮತ್ತೆ ಸಂಜೆ. ನಡುವೆ ಕುಂಚ ಇಟ್ಟರೆ ಬಣ್ಣ ಬಟ್ಟಲಿನಲ್ಲೇ ಗಟ್ಟಿಯಾಗುತ್ತಿತ್ತು. ಮುಗಿದ ದಿನ ಅಕ್ಕ ಮೊಮ್ಮಗನನ್ನು ಎತ್ತಿಕೊಂಡು ಬಂದು ತನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಎಡ ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಾಣಿಸಿತು. ಆಮೇಲೆ ಗಲ್ಲ, ತುಟಿಯ ಅಂಚು. ಬಣ್ಣ ಗುಳ್ಳೆ ಎದ್ದು ಹಪ್ಪಳದಂತೆ ಬಿಡುತ್ತಿತ್ತು, ಅಡಿಯಲ್ಲಿ ಉಪ್ಪಿನ ಪುಡಿ. ಗಲ್ಲಿಯ ಮಕ್ಕಳು ‘ತೊನ್ನಿನ ಅಜ್ಜಿ’ ಎಂದು ಕೂಗತೊಡಗಿದರು. ಅಕ್ಕ ಆ ಮೂಲೆಯನ್ನು ಬಿಟ್ಟು ಸುತ್ತುಬಳಸಿ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದು ಚಹಾದ ಅಂಗಡಿಯವನು ಹೇಳಿದ.

ಆಗ ಮೊದಲ ಸಲ ಗೋಡೆಯ ಆಚೆ ಬದಿಗೆ ಹೋದೆ. ಅಲ್ಲಿ ನೂಲಿಗೆ ಬಣ್ಣ ಕಟ್ಟುವ ಕೋಣೆ! ಹತ್ತಿ ನೂಲು ಬಣ್ಣ ಹೀರಿಕೊಳ್ಳಲಿ ಎಂದು ಬಣ್ಣದ ತೊಟ್ಟಿಗೆ ಉಪ್ಪು ಸುರಿಯುತ್ತಾರೆ, ಲೀಟರಿಗೆ 40ರಿಂದ 80 ಗ್ರಾಂ ಹಾಕುವುದೂ ಉಂಟು. ತೊಳೆದ ನೂಲಿನ ಲಡಿಗಳನ್ನು ಗೋಡೆಗೆ ಸಿಕ್ಕಿಸಿದ ಗಳುಗಳ ಮೇಲೆ ನೇತು ಹಾಕಿದ್ದರು. ಆ ನೀರು ಎಷ್ಟೋ ವರ್ಷಗಳಿಂದ ಗಾರೆಗೆ ಇಳಿಯುತ್ತಿತ್ತು. ಸುಣ್ಣದ ಗೋಡೆ ಉಸಿರಾಡುತ್ತ ಅದನ್ನು ನಮ್ಮ ಬದಿಯಿಂದ ಆರಿಸಿಕೊಳ್ಳುತ್ತಿತ್ತು. ನಾನು ಅಕ್ರಿಲಿಕ್ ಹೊದಿಕೆ ಹಾಕಿ ಮೂಗು ಮುಚ್ಚಿದ್ದೆ. ನೀರು ಆರುವ ದಾರಿ ಹುಡುಕಿ ಬಣ್ಣದ ಅಡಿಗೆ ಬಂದು, ಉಪ್ಪು ಹರಳುಗಟ್ಟಿ ಹೊದಿಕೆಯನ್ನೇ ಎತ್ತಿ ಬಿಸಾಡಿತು. ಆ ಕೋಣೆಯ ಕೆಲಸಗಾರನೊಬ್ಬ ನಗುತ್ತ, ‘ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಈ ಕಡೆ ಬರಲೇ ಇಲ್ಲ’ ಎಂದ.

ಅಕ್ಕನ ಮನೆಗೆ ಹೋಗಲು ನನಗೆ ಎಂಟು ದಿನ ಬೇಕಾಯಿತು.

‘ಅಕ್ಕಾ, ತಪ್ಪು ನನ್ನದು, ಚಿತ್ರದವರದ್ದಲ್ಲ. ಸರಿಮಾಡಿಸಿ ಕೊಡುತ್ತೇನೆ.’

‘ಸರಿಮಾಡುವುದು ಬೇಡ ತಮ್ಮಾ, ಕೆರೆದು ತೆಗೆದುಬಿಡು. ಮುಖ ಹೋದರೆ ಹೋಗಲಿ, ಅರ್ಧ ಉಳಿಯಬಾರದು.’

ದುರಸ್ತಿಗೆಂದು ಯಾರೂ ಹಣ ಎತ್ತಿಟ್ಟಿರಲಿಲ್ಲ. ಗೋಡೆ ಬಣ್ಣಕ್ಕೆ ಬಂದ ದಿನದ ಲೆಕ್ಕವಿರುತ್ತದೆ, ಮೂರನೆಯ ವರ್ಷದ ಲೆಕ್ಕ ಇರುವುದಿಲ್ಲ. ನನ್ನ ಖರ್ಚಿನಲ್ಲೇ ಕೆರೆದೆ. ಉಪ್ಪನ್ನು ನೀರು ಹಾಕಿ ತೊಳೆಯಬಾರದು, ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಉದುರಿಸಬೇಕು. ಮೇಲಿನ ಸಿಮೆಂಟು ತೆಗೆದು ಸುಣ್ಣದ ಗಾರೆಯನ್ನೇ ಹಚ್ಚಿದೆ, ಗಳುಗಳನ್ನು ಅಂಗಳಕ್ಕೆ ಸಾಗಿಸಲು ಶೆಡ್ಡಿನ ಮಾಲೀಕರು ಒಪ್ಪಿದರು. ಚಿತ್ರಕಾರರಲ್ಲಿ ಒಬ್ಬಳು ತನ್ನದೇ ಖರ್ಚಿನಲ್ಲಿ ಬಂದು, ಸುಣ್ಣದಲ್ಲಿ ಕಲಸಿದ ಮಣ್ಣಿನ ಬಣ್ಣಗಳಿಂದ ಚಾದರದ ಅಂಚಿನ ಚಿತ್ತಾರ ಬರೆದಳು. ಚಿತ್ತಾರದ ಚೌಕದ ಮನೆಗಳನ್ನು ಎಣಿಸಿ ಹೇಳಿದ್ದು ಅಕ್ಕ. ಎರಡು ಕಡೆ ಬರೆಯುವವಳ ಲೆಕ್ಕ ತಪ್ಪಿತ್ತು, ಅಕ್ಕ ಬಿಡಲಿಲ್ಲ.

ಗಲ್ಲಿಗೆ ಜೀವ ಬಂತೇ ಎಂದು ಕೇಳುವವರಿದ್ದಾರೆ. ಬೀದಿದೀಪ ಬಂತು. ಕಸದ ಗುಡ್ಡೆ ಹೋಗಿ, ಕಸ ಒಯ್ಯುವ ಘಂಟಾಗಾಡಿ ದಿನವೂ ಬರುತ್ತದೆ. ಒಬ್ಬರು ಗಲ್ಲಿಯ ಕಡೆಗೆ ಶಟರ್ ಇಟ್ಟು ಟವೆಲ್ ಮಾರುತ್ತಿದ್ದಾರೆ. ನಿಂತಿದ್ದ ಮಗ್ಗಗಳಲ್ಲಿ ಒಂದೂ ಮತ್ತೆ ಶುರುವಾಗಲಿಲ್ಲ. ನೂಲಿನ ಬೆಲೆಗೂ ಆರ್ಡರಿಗೂ ನಮ್ಮ ಬಣ್ಣ ಏನು ಮಾಡೀತು?

ಕಳೆದ ವಾರ ಇನ್ನೊಂದು ಗೋಡೆ ತೋರಿಸಲು ಕರೆದಿದ್ದರು, ಹಳೆಯ ಗೋದಾಮು. ಎದುರಿನಿಂದ ನೋಡಲು ಬಲು ಸೊಗಸು. ಹಿಂಬಾಗಿಲ ಕೀಲಿ ಕೇಳಿದೆ. ಯಾರ ಬಳಿ ಇದೆ ಎಂಬುದು ಮಾಲೀಕರಿಗೂ ಗೊತ್ತಿಲ್ಲ. ಹುಡುಕಿಸುತ್ತಿದ್ದಾರೆ.