ಹನಿ ನೀರಾವರಿ ಕೆಲಸಗಾರನ ಜೇಬಿನ ಚಾಕು

ಹನಿ ನೀರಾವರಿ ಅಳವಡಿಸುವ ತಂಡದಲ್ಲಿ ನಾನು 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗರಗಸ, ಡ್ರಿಲ್‌ಗಳನ್ನು ಗುತ್ತಿಗೆದಾರರು ಕೊಡುತ್ತಾರೆ. ಚಾಕನ್ನು ಮಾತ್ರ ನಾವೇ ಕೊಳ್ಳಬೇಕು. ಗಿಡಗಳ ಸಾಲಿನುದ್ದಕ್ಕೂ ಹಾಸುವ 16 ಮಿ.ಮೀ. ಲ್ಯಾಟರಲ್ ಪೈಪು ಕತ್ತರಿಸಲು, ಸುರುಳಿಗೆ ಬಿಗಿದ ಪಟ್ಟಿ ಕೊಯ್ಯಲು, ಪಿವಿಸಿ ಪೈಪಿನ ಗರಗಸ ಹಾಯ್ದ ಅಂಚನ್ನು ಹೆರೆಯಲು, ಮೋಟಾರಿನ ಕೇಬಲ್ ಸುಲಿಯಲು ಬೆಳಗಿನಿಂದ ಸಂಜೆಯವರೆಗೆ ಅದು ಕೈಯಲ್ಲೇ ಇರುತ್ತದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನೋಟಕ್ಕೆ ಮರುಳಾಗಿ, ಕಪ್ಪು ಬಣ್ಣ ಬಳಿದ ದಪ್ಪ ಅಲಗಿನ ಮಡಚುವ ಚಾಕೊಂದನ್ನು ಕೊಂಡೆ. ಹಿರಿಯೂರು ಕಡೆಯ ದಾಳಿಂಬೆ ತೋಟವೊಂದರಲ್ಲಿ ದಿನವಿಡೀ ಅದರಿಂದಲೇ ಲ್ಯಾಟರಲ್ ಕತ್ತರಿಸಿದೆ. ಮರುದಿನ ನೀರು ಬಿಟ್ಟಾಗ ಸಾಲುಸಾಲಾಗಿ ಜೋಡಣೆಗಳು ಸೋರತೊಡಗಿದವು. ಸುಮಾರು 4 ಮಿ.ಮೀ. ದಪ್ಪದ ಅಲಗು ಮೆತ್ತನೆಯ ಪೈಪನ್ನು ಕೊಯ್ಯುವ ಬದಲು ಬೆಣೆಯಂತೆ ಅಗಲಿಸುತ್ತ ಹೋಗಿದ್ದರಿಂದ ತುದಿಗಳೆಲ್ಲ ಓರೆಯಾಗಿದ್ದವು, ಓರೆ ತುದಿ ಎರಡು ಪೈಪು ಸೇರಿಸುವ ಜಾಯಿನರ್‌ನೊಳಗೆ ಸರಿಯಾಗಿ ಕೂತಿರಲಿಲ್ಲ. ಎಲ್ಲವನ್ನೂ ಮತ್ತೆ ಕತ್ತರಿಸುವಾಗ ತೆರೆದ ಅಲಗನ್ನು ಹಿಡಿದಿಡುವ, ಅದೇ ಚಾಕಿನ ಲಾಕ್ ಜಾರಿ ಅಲಗು ಮಡಚಿಕೊಂಡಿತು; ತೋರುಬೆರಳಿಗೆ ಮೂರು ಹೊಲಿಗೆ ಬಿದ್ದವು.

ಅಂದಿನಿಂದ ಚಾಕು ಕೊಳ್ಳುವಾಗ ನಾನು ಮೊದಲು ನೋಡುವುದು ಅಲಗಿನ ದಪ್ಪವನ್ನು. ಬೆನ್ನು 2ರಿಂದ 2.5 ಮಿ.ಮೀ. ಇದ್ದು, ಅಂಚಿನ ಕಡೆಗೆ ಕ್ರಮೇಣ ತೆಳುವಾಗುತ್ತ ಬಂದಿರಬೇಕು. ಉದ್ದ 7ರಿಂದ 8.5 ಸೆಂ.ಮೀ. ಇದ್ದರೆ ನಮ್ಮ ಯಾವ ಕೆಲಸಕ್ಕೂ ಕೊರತೆಯಾಗದು. ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳನ್ನು ಯಾರೂ ಕೊಳ್ಳಬೇಡಿ. ಅವು ಕೆಲಸಕ್ಕೆ ಬೇಕಿಲ್ಲ, ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ಇಲ್ಲದ ಅನುಮಾನವನ್ನೂ ತರುತ್ತವೆ.

ಉಕ್ಕಿನ ವಿಷಯದಲ್ಲಿ ನಮ್ಮ ಕೆಲಸಕ್ಕೆ ಬೇರೆಯದೇ ಲೆಕ್ಕವಿದೆ. ನೀರಿನ ಜೊತೆ ಗೊಬ್ಬರ ಹರಿಸುವ ರಸಾವರಿ ಟ್ಯಾಂಕಿನ ಬಳಿ ಪೊಟ್ಯಾಷ್ ಗೊಬ್ಬರದ ನೀರು ಕೈಗೆ ಹತ್ತಿರುತ್ತದೆ, ಪೈಪು ತೊಳೆಯುವ ದಿನ ಆಮ್ಲವೂ ಇರುತ್ತದೆ. ಮ್ಯುರೇಟ್ ಆಫ್ ಪೊಟ್ಯಾಷ್ ಎಂಬ ಆ ಗೊಬ್ಬರ ಕ್ಲೋರೈಡ್ ಲವಣ; ಅದು ತಾಗಿದ ಸಾದಾ ಇಂಗಾಲದ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದಿದ್ದನ್ನು ನಾನು ಕಂಡಿದ್ದೇನೆ. ಹೆಚ್ಚು ದಿನ ಹರಿತ ಉಳಿಯುತ್ತದೆಂದು ಹಲವರು ಮೆಚ್ಚುವ ಡಿ2 ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಶೇ 12ರಷ್ಟು ಇದ್ದರೂ, ಅದರ ದೊಡ್ಡ ಪಾಲು ಇಂಗಾಲದೊಂದಿಗೆ ಕಾರ್ಬೈಡ್ ಆಗಿ ಕಟ್ಟಿಕೊಂಡಿರುವುದರಿಂದ ಅದಕ್ಕೂ ತುಕ್ಕು ಬರುತ್ತದೆ. ಮೇಲಾಗಿ ಅದನ್ನು ಮಸೆಯಲು ಬಹಳ ಹೊತ್ತು ಬೇಕು. 8ಸಿಆರ್13ಎಂಒವಿ ಅಥವಾ 12ಸಿ27 ಎಂದು ನಮೂದಿಸಿದ ಸ್ಟೇನ್‌ಲೆಸ್ ಉಕ್ಕುಗಳು ನಮ್ಮ ಜೇಬಿಗೂ ಕೆಲಸಕ್ಕೂ ಒಗ್ಗುತ್ತವೆ. ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಬರೆದು, ಯಾವ ಉಕ್ಕೆಂದು ಹೇಳದ ಚಾಕನ್ನು ನಾನು ಮುಟ್ಟುವುದಿಲ್ಲ.

ಫ್ರಾನ್ಸಿನ ಒಪಿನೆಲ್ 8ನೇ ನಂಬರಿನ ಚಾಕು ತೆಳುವಾದ 8.5 ಸೆಂ.ಮೀ. ಅಲಗಿನದು. 1955ರಲ್ಲಿ ಅದಕ್ಕೆ ಸೇರಿಸಿದ ತಿರುಗುವ ಉಂಗುರದ ಲಾಕ್ ಇಂದಿಗೂ ಸರಳ ಮತ್ತು ಭದ್ರ. ಆದರೆ ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗನ್ನು ಹೊರಗೆಳೆಯುವುದು ಕಷ್ಟ. ದಿನವೂ ಒದ್ದೆ ಕೈಯಲ್ಲಿ ದುಡಿಯುವವರಿಗೆ ನೈಲಾನ್ ಹಿಡಿಯೇ ಲೇಸು.

ಅಂಗಡಿಯಲ್ಲಿ ಚಾಕನ್ನು ತೆರೆದು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅದರ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲನೆ ಒತ್ತಿ ನೋಡಿ. ಲಾಕ್ ಸಡಿಲವಾದರೆ ಅಲ್ಲಿಯೇ ಹಿಂದಿರುಗಿಸಿ. ಗಟ್ಟಿ ಲಾಕ್ ಕೂಡ ಮಣ್ಣು ತುಂಬಿದರೆ ಪೂರ್ತಿ ಕೂರುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಬೇಕು.

ಕಳೆದ ತಿಂಗಳು ತಂಡಕ್ಕೆ ಬಂದ ಹುಡುಗ, "ಅಣ್ಣಾ, 1,200 ರೂಪಾಯಿ ಇದೆ, ಯಾವುದು ತಗೊಳ್ಳಲಿ?" ಎಂದು ಕೇಳಿದ. ಚಾಕಿಗೆ 900 ಇಟ್ಟು, ಉಳಿದದ್ದರಲ್ಲಿ ಎರಡು ಬದಿಯ ಸಾಣೆಕಲ್ಲು ಕೊಳ್ಳಲು ಹೇಳಿದೆ. ಪ್ರತಿ ಬದಿಗೆ ಸುಮಾರು 20 ಡಿಗ್ರಿ ಓರೆ ಹಿಡಿದು, ಅಂಚಿನ ಉದ್ದಕ್ಕೂ ಸಣ್ಣ ತರಿ ಬೆರಳಿಗೆ ತಾಗುವವರೆಗೆ ಮಸೆದು, ಆ ತರಿಯನ್ನು ಹಳೆಯ ಚರ್ಮದ ಬೆಲ್ಟಿನ ಮೇಲೆ ಎಳೆದು ತೆಗೆಯುವುದನ್ನು ಮೂರು ಸಂಜೆ ಜೊತೆಗೆ ಕೂತು ಕಲಿಸಿದೆ. ಈಗ ಅವನು ಕತ್ತರಿಸಿದ ಲ್ಯಾಟರಲ್ ತುದಿಗಳು ನೇರವಾಗಿರುತ್ತವೆ.